ಬೈರಯ್ಯನ ಹಲಸಿನ ಬಾಗಿಲು

೧೯೫೬ನೇ ಇಸವಿ ಮಾರ್ಚ್ ೧೪, ಬುಧವಾರ. ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಹೇರೋಹಳ್ಳಿಯ ಬೈರಯ್ಯ ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಬಾಗಿಲು ಮುರಿದು ಏನು ಹೊತ್ತೊಯ್ದರು ಎಂದು ಇನ್ಸ್‌ಪೆಕ್ಟರ್ ಸೋಮಲಿಂಗಪ್ಪ ಕೇಳಿದರೆ, ಬೇರೇನೂ ಇಲ್ಲ, ಬಾಗಿಲೇ ಹೋಗಿದೆ ಅಂದ! ಹಲಸಿನ ಮರದ್ದು. ಹಿಂದಿನ ದಿನ ಗಂಡ ಹೆಂಡತಿ ಸಂತೆಗೆ ಹೋಗಿದ್ದಾಗ ಹಿತ್ತಿಲ ಕೋಣೆಯಿಂದ ಬಿಚ್ಚಿಕೊಂಡು ಹೋಗಿದ್ದರು. ಪಕ್ಕದ ಮನೆಯ ಮುನಿರಾಜುವಿನ ಮೇಲೆ ಅನುಮಾನ. ಬೇಲಿಯ ಹಳೇ ಜಗಳ. ಅವನನ್ನು ಒಳಗೆ ಹಾಕಿಸುವ ಉಮೇದಿನಲ್ಲಿ ಬೈರಯ್ಯ ತನ್ನ ಮನೆಗೂ ಪೊಲೀಸರು ಬರುತ್ತಾರೆಂಬುದನ್ನೇ ಮರೆತಿದ್ದ. ಸೋಮಲಿಂಗಪ್ಪ ನಗು ತಡೆದುಕೊಂಡು ಎಫ್‌ಐಆರ್ ಬರೆಸಿದರು.

ಮಧ್ಯಾಹ್ನ ಎರಡಕ್ಕೆ ಬೈರಯ್ಯನ ಮನೆಯಲ್ಲಿ ಪಂಚನಾಮೆ. ಬಾಗಿಲ ಕೀಲುಗಳ ಹನ್ನೆರಡು ತಿರುಪುಗಳನ್ನು ತೆಂಗಿನ ಚಿಪ್ಪಿನಲ್ಲಿ ಹರಳೆಣ್ಣೆ ಸವರಿ ಇಟ್ಟಿತ್ತು. ಹೆಡ್ ಕಾನ್ಸ್‌ಟೇಬಲ್ ರಾಮಯ್ಯ ಚಿಪ್ಪನ್ನು ತಿರುಗಿಸಿ ನೋಡಿದ.

"ಠಾಣೆಗೆ ಬೆಂಚು ಮಾಡ್ಕೊಟ್ರಲ್ಲ ಸಾರ್, ರಾಜಾಜಿನಗರದ ಬಾಲಮಂದಿರದ ಮರಗೆಲಸದ ಮೇಷ್ಟ್ರು, ಅವರು ಹೀಗೇ ಇಡೋದು."

ಕೋಣೆಗೆ ಕಿಟಕಿಯಿಲ್ಲ. ಕಾಳು ಇಡುವ ಕೋಣೆ ಎಂದು ಬೈರಯ್ಯ ಹೇಳಿದ. ಒಂದು ಕಾಳೂ ಇರಲಿಲ್ಲ. ಹರಿದ ಚಾಪೆ ಇತ್ತು, ತಟ್ಟೆ ಇತ್ತು. ಬೀಗದ ಕೊಂಡಿ ಚೌಕಟ್ಟಿನ ಹೊರಗಡೆ ಇತ್ತು. ಹದಿಮೂರರ ಹುಡುಗಿಯೊಬ್ಬಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕಂಬದ ಹಿಂದೆ ನಿಂತಿದ್ದಳು.

"ಇಲ್ಲಿ ಮಲಗೋದು ಯಾರು?"

"ಮಗಳು ಸಾರ್, ಮುನಿತಾಯಿ."

"ಬೀಗ ಹೊರಗಿಂದ ಯಾಕೆ?"

ಬೈರಯ್ಯ ಮತ್ತೆ ಬೇಲಿಯ ವಿಷಯಕ್ಕೆ ಬಂದ. ಸೋಮಲಿಂಗಪ್ಪನವರಿಗೆ ನಗು ಎಲ್ಲಿ ಹೋಯಿತೋ! ಉಳಿದದ್ದನ್ನು ಮುನಿರಾಜು ಹೇಳಿದ. ತಾಯಿ ಸತ್ತ ಮೇಲೆ ಬಂದ ಚಿಕ್ಕಮ್ಮ ಮಕ್ಕಳಿಬ್ಬರನ್ನೂ ಕೂಡಿಹಾಕಿ ಬರೆ ಹಾಕುತ್ತಿದ್ದಳು, ಬೈರಯ್ಯ ಸುಮ್ಮನಿರುತ್ತಿದ್ದ. ಅಣ್ಣ ಕಿಟ್ಟಿ ಎರಡು ವರ್ಷದ ಹಿಂದೆ ಓಡಿಹೋದ. ಅವನ ಬೆನ್ನು ನೋಡಿದ ಕೋರ್ಟು ಬಾಲಮಂದಿರಕ್ಕೆ ಸೇರಿಸಿತು. ತಂಗಿ ಇಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಬಾಲಮಂದಿರದಲ್ಲಿ ಹದಿನಾರರ ಕಿಟ್ಟಿ ಸೋಮಲಿಂಗಪ್ಪನವರನ್ನು ಕಂಡು, ಹಲಗೆ ನಯ ಮಾಡುತ್ತಿದ್ದ ಉಜ್ಜುಕೊರಡು ಕೆಳಗಿಟ್ಟು ಎದ್ದು ನಿಂತ. ಸುತ್ತಿ ಬಳಸಿ ಕೇಳುವ ಕಷ್ಟ ಕೊಡಲಿಲ್ಲ.

"ಬಾಗಿಲು ಎಲ್ಲಿ?"

"ಕೆರೆ ಏರಿ ಹಿಂದೆ ಸಾರ್, ಲಂಟಾನ ಪೊದೇಲಿ."

"ತಂಗೀನ ಬಿಟ್ಟು ಬಾಗಿಲು ಯಾಕೋ ತಗೊಂಡೆ?"

"ಅವಳ್ನ ಕರ್ಕೊಂಡ್ ಬಂದಿದ್ರೆ ಅಪ್ಪ ವಾಪಸ್ ಎಳ್ಕೊಂಡ್ ಹೋಗ್ತಿದ್ದ. ಇಲ್ಲಿಂದ ಎರಡು ಸಲ ಪಟೇಲರಿಗೆ ಕಾಗದ ಬರೆಸ್ದೆ. ಎಲ್ಲಾ ಕ್ಷೇಮ ಅಂತ ಉತ್ತರ ಬಂತು. ಬಾಗಿಲು ಹೋದ್ರೆ ನೀವು ಬಂದೇ ಬರ್ತೀರ ಅಂತ ಗೊತ್ತಿತ್ತು."

ಸೋಮಲಿಂಗಪ್ಪನವರಿಗೆ ನಾಚಿಕೆಯಾಯಿತು. ಆದರೂ ಕಳವು ಕಳವೇ. ಹನ್ನೊಂದೂವರೆಗೆ ಕಿಟ್ಟಿಯನ್ನು ದಸ್ತಗಿರಿ ಮಾಡಿದರು. ಅಕ್ರಮ ಬಂಧನದ ಬೇರೆ ಕೇಸು ದಾಖಲಿಸಿ, ನಾಲ್ಕು ಗಂಟೆಗೆ ಬೈರಯ್ಯನನ್ನೂ ಹೆಂಡತಿಯನ್ನೂ ಹಿಡಿದರು. ಕೋರ್ಟಿಗೆ ಕಳಿಸುವ ವರದಿಯಲ್ಲಿ ಕಳವಿಗೆ ಕಾರಣ ಎಂಬಲ್ಲಿ ಕಿಟ್ಟಿ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದರು.

ಮ್ಯಾಜಿಸ್ಟ್ರೇಟರು ಅದನ್ನು ಎರಡು ಸಲ ಓದಿ, ಹುಡುಗನಿಗೆ ಬುದ್ಧಿ ಹೇಳಿ ಬಾಲಮಂದಿರಕ್ಕೇ ಕಳಿಸಿದರು. ಮುನಿತಾಯಿಯನ್ನು ಅದೇ ಆವರಣದ ಹೆಣ್ಣುಮಕ್ಕಳ ವಸತಿಗೆ ಸೇರಿಸಲು ಆಜ್ಞೆಯಾಯಿತು. ಗಂಡು ಹೆಣ್ಣು ಬೇರೆ ಬೇರೆ ಉಣ್ಣಬೇಕೆಂಬ ನಿಯಮ ಅಲ್ಲಿದೆ. ಆ ಸಂಜೆ ಅಣ್ಣ ತಂಗಿ ಒಂದೇ ಸಾಲಿನಲ್ಲಿ ಕೂತದ್ದು ಮೇಲ್ವಿಚಾರಕಿ ಇಂದ್ರಮ್ಮನವರ ಕಣ್ಣಿಗೆ ಬೀಳಲಿಲ್ಲವಂತೆ. ಮುನಿತಾಯಿ ಮೂರು ಸಲ ಸಾರು ಹಾಕಿಸಿಕೊಂಡಳು.