ಹರಿಯದ ಚರ್ಮಕ್ಕೆ ಮೂರು ಹೊಲಿಗೆ

"ಇದು ನನ್ನ ಸೀಟಲ್ಲ!"

ಡಾಕ್ಟರಮ್ಮ ಕಾರ್ಯಾಗಾರದ ಅಂಗಳದಲ್ಲಿ ಕಾರು ನಿಲ್ಲಿಸಿ, ಇಳಿಯುವ ಮೊದಲೇ ಕೂಗಿ ಹೇಳಿದರು. ಎಡಗೈ ಇನ್ನೂ ಸೀಟಿನ ಮುಂದಿನ ಅಂಚಿನ ಕೆಳಗೇ ಇತ್ತು. ಮುಖ ಬಿಳಿಚಿಕೊಂಡಿತ್ತು.

ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಹಳೇ ಸ್ಪೋರ್ಟ್ಸ್ ಕಾರು. ಹಿಂದಿನ ಸಂಜೆಯಷ್ಟೇ ಹೊಲಿಗೆ ಅಕ್ಕನ ಈ ಕಾರ್ಯಾಗಾರದಿಂದ ಮನೆಗೆ ಹೋಗಿತ್ತು. ಅದರ ಒಳಭಾಗವನ್ನೆಲ್ಲ ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಮಾಡಿಕೊಡಬೇಕಿತ್ತು. ಹೊಸ ಚರ್ಮ ಹಾಕಿ ಮಿಂಚಿಸುವ ಕೆಲಸವಲ್ಲ ಅದು. ಇದ್ದ ಕೆಂಪು ಚರ್ಮವನ್ನೇ ಬಿಚ್ಚಿ, ತೊಳೆದು, ಎಣ್ಣೆ ಕುಡಿಸಿ, ಅವೇ ತೂತುಗಳಲ್ಲಿ ಮತ್ತೆ ಹೊಲಿಯಬೇಕು. ಹಳೆಯದರಲ್ಲಿದ್ದ ಒಂದು ಹೊಲಿಗೆಯೂ ತಪ್ಪಬಾರದು, ಒಂದೂ ಹೆಚ್ಚಾಗಬಾರದು. ಇಂಥ ಕೆಲಸಕ್ಕೆ ಊರಲ್ಲಿ ಇದ್ದದ್ದು ಅಕ್ಕನ ಹೆಸರೊಂದೇ. ಮೂವತ್ತು ವರ್ಷದ ಹೆಸರು.

"ಏನಾಯ್ತು ಡಾಕ್ಟರೇ?" ಅಕ್ಕ ಕಪ್ಪು ಕನ್ನಡಕ ಸರಿಮಾಡಿಕೊಳ್ಳುತ್ತ ಬಂದಳು. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ಮೂರು ವಾರವಾಗಿರಲಿಲ್ಲ.

"ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಇಲ್ಲಿ ಉಗುರು ಒತ್ತೋದು ನನಗೆ ಅಭ್ಯಾಸ. ನಲವತ್ತು ವರ್ಷದ ಗುಳಿ ಇತ್ತು. ಈಗ ನೋಡು—ನುಣ್ಣಗಿದೆ."

"ಎಣ್ಣೆ ಕುಡಿಸಿದ್ದೀವಲ್ಲ, ತುಂಬ್ಕೊಂಡಿರುತ್ತೆ," ಎಂದ ಪುಟ್ಟ. ಅಕ್ಕನ ತಮ್ಮ. ನಲವತ್ತೆರಡು ವರ್ಷ, ಮೀಸೆಯಲ್ಲಿ ಬಿಳಿಕೂದಲು, ಆದರೂ ಎಲ್ಲರಿಗೂ ಪುಟ್ಟನೇ.

"ಉಗುರಿನ ಗುಳಿ ಎಣ್ಣೆಗೆ ತುಂಬಲ್ಲ ಕಣೋ," ಎಂದಳು ಅಕ್ಕ ತಟ್ಟನೆ.

ಹಾಗಾದರೆ ಅಸಲಿ ಚರ್ಮ ಎಲ್ಲಿ ಹೋಯಿತು?

"ನಾನು ಹಾಕಿ ಕಳಿಸಿದ್ದು ಅಸಲಿನೇ," ಪುಟ್ಟ ದನಿ ಏರಿಸಿದ. "ಇಲ್ಲಿಂದ ಹೋದ್ಮೇಲೆ ಗಾಡಿ ಯಾರ ಕೈಲಿತ್ತು? ಅವರನ್ನ ಕೇಳಿ!"

ಡಾಕ್ಟರಮ್ಮನ ಪಕ್ಕದ ಸೀಟಿನಿಂದ ಇಳಿಯುತ್ತಿದ್ದ ಅವರ ತಂಗಿ ಮಗ ಅಲ್ಲೇ ಕಲ್ಲಾದ. ನಿನ್ನೆ ಗಾಡಿ ಮನೆಗೆ ಒಯ್ದವನು ಅವನೇ. ಸೀಟಿನ ಕವರು ಬಿಚ್ಚಿದ ದಿನ ಟೇಪು ಹಿಡಿದು ಅಳತೆ ತೆಗೆದುಕೊಂಡವನೂ, ಫೋಟೋ ಹೊಡೆದವನೂ, "ಇಂಥ ಅಸಲಿ ಸೀಟಿಗೆ ಜನ ಮುಗಿಬೀಳ್ತಾರೆ" ಎಂದು ಬಡಾಯಿ ಕೊಚ್ಚಿದವನೂ ಅವನೇ.

"ದೊಡ್ಡಮ್ಮ, ನನ್ನಾಣೆ—"

"ಆಣೆಗೀಣೆ ಬೇಡ," ಎಂದರು ಡಾಕ್ಟರಮ್ಮ. "ಪೊಲೀಸರಿಗೆ ಹೇಳೋ ಮುಂಚೆ ಒಬ್ಬರನ್ನ ಕರೆಸ್ತೀನಿ. ಯಾರೂ ಎಲ್ಲೂ ಹೋಗ್ಬೇಡಿ."

ಅರ್ಧ ಗಂಟೆಯಲ್ಲಿ ಭೂತಗನ್ನಡಿ ಬಂದರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಅವರಿಗೇ ಮರೆತಿತ್ತೋ ಏನೋ. ವಿಮಾ ಕಂಪನಿಗಾಗಿ ಸುಟ್ಟ ಗೋದಾಮು, ಮುಳುಗಿದ ಲಾರಿಗಳನ್ನು ಕೆದಕಿ ಕೆದಕಿ ನಿವೃತ್ತರಾದ ಮನುಷ್ಯ. ಬಂದವರೇ ಯಾರಿಗೂ ನಮಸ್ಕಾರ ಹೇಳದೆ ಸೀಟನ್ನು ಮೂಸಿ ನೋಡಿದರು.

"ಕವರು ಬಿಚ್ಚಿದ್ದು ಯಾವತ್ತು?"

"ಸೋಮವಾರ. ಮೂರು ವಾರ ಆಯ್ತು," ಎಂದಳು ಅಕ್ಕ.

"ಆಮೇಲೆ?"

"ಮಂಗಳವಾರ ನಾನೊಬ್ಬಳೇ ಕೂತು ಕವರನ್ನ ಸೀಟಿಗೆ ಬಿಗಿಯೋ ತಂತಿ ಕೊಂಡಿ ಅಂಚಲ್ಲೇ ಉಳಿದಿದ್ವಲ್ಲ, ಅವನ್ನ ಕಿತ್ತು ಶುಚಿ ಮಾಡ್ದೆ. ಬುಧವಾರ ಕಣ್ಣಾಸ್ಪತ್ರೆಗೆ ಸೇರಿದೆ. ಬಂದ್ಮೇಲೂ ಮನೇಲೇ ಇದ್ದೆ. ಬಗ್ಗಬೇಡಿ, ಸೂಜಿ ಹಿಡೀಬೇಡಿ ಅಂದಿದ್ರು. ಉಳಿದಿದ್ದೆಲ್ಲ ಪುಟ್ಟನೇ ಮಾಡ್ದ."

"ನಿನ್ನೆ ಸೀಟು ಮುಟ್ಟಿ ನೋಡಿದ್ರಾ?"

"ನೋಡೋಕೆ ಹೋದೆ. ಕಣ್ಣಿಗೆ ಶ್ರಮ ಕೊಡ್ಬೇಡ ಅಕ್ಕ, ನಾನಿಲ್ವಾ ಅಂದ." ಹೇಳುವಾಗ ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಮ್ಮನಲ್ಲವೇ?

ಭೂತಗನ್ನಡಿ ಹುಡುಗನ ಕಡೆ ತಿರುಗಿದರು. "ಏನಪ್ಪ, ನೀನು ಫೋಟೋ ಹೊಡೆದಿದ್ದು ಯಾವತ್ತು?"

"ಸೋಮವಾರ ಮಾತ್ರ. ಚರ್ಮದ ಮೇಲ್ಭಾಗದ್ದಷ್ಟೇ. ಆಮೇಲೆ ಈ ಕಡೆ ತಲೇನೂ ಹಾಕಿಲ್ಲ, ಊರಲ್ಲೇ ಇರ್ಲಿಲ್ಲ. ನಿನ್ನೆ ಬಂದೆ."

"ಮೂರು ವಾರ ಸಾಕಲ್ಲ, ನಕಲು ಹೊಲಿಸೋಕೆ?" ಎಂದ ಪುಟ್ಟ. "ಫೋಟೋ ಇತ್ತು, ಅಳತೆ ಇತ್ತು. ನಿನ್ನೆ ಗಾಡಿ ಕೈಗೆ ಸಿಕ್ತು, ಬದಲಾಯಿಸ್ದ. ಇನ್ನೇನು?"

ಮಾತು ಸರಿಯಾಗೇ ಇತ್ತು. ಡಾಕ್ಟರಮ್ಮನ ಕಣ್ಣು ತುಂಬಿತು.

"ಸೀಟು ಬಿಚ್ಚಿ," ಎಂದರು ಭೂತಗನ್ನಡಿ.

"ಬಿಚ್ಚಿದ್ರೆ ಕೊಂಡಿ ಹಾಳಾಗುತ್ತೆ ಸಾರ್," ಪುಟ್ಟ ಅಡ್ಡ ಬಂದ.

"ಅಸಲಿನೇ ಇಲ್ಲ ಅಂದ್ಮೇಲೆ ಕೊಂಡಿ ಯಾವ ಲೆಕ್ಕ?"

ಅಕ್ಕ ತಾನೇ ಇಕ್ಕಳ ತೆಗೆದುಕೊಂಡಳು. ಬಗ್ಗಬಾರದು ಎಂದ ಆಸ್ಪತ್ರೆಯವರ ಮಾತನ್ನು ಗಾಳಿಗೆ ತೂರಿ, ಸೀಟನ್ನು ಹೊರಗೆಳೆಸಿ, ಮೇಜಿನ ಮೇಲೆ ಮಗುಚಿ ಕವರು ಕಳಚಿದಳು. ಮೇಲೆ ಎಷ್ಟು ಚೆಂದದ ಬಿರುಕುಗಳು! ಮಡಚಿ, ತಿಕ್ಕಿ, ಬಿಸಿಲಿಗಿಟ್ಟು ತಂದ ಮುಪ್ಪು. ಒಳಮೈ ಮಾತ್ರ ಬೆಳ್ಳಗೆ, ನವಿರಾಗಿ ಇತ್ತು. ನಲವತ್ತು ವರ್ಷದ ಚರ್ಮದ ಒಳಮೈ ಕಂದು ಬಣ್ಣಕ್ಕೆ ತಿರುಗಿರಬೇಕು. ಯಾರೋ ಪಳಗಿದ ಕೈ, ಎಂದುಕೊಂಡಳು.

ಭೂತಗನ್ನಡಿ ಕವರಿನ ಅಂಚನ್ನು ಬೆರಳಿಂದ ಬೆರಳಿಗೆ ಸರಿಸುತ್ತ ಹೋದರು. ಅದು ಸೀಟಿನ ಅಡಿಗೆ ಮಡಚಿ ಹೋಗುವ ಭಾಗ, ಹೊರಗಿನವರ ಕಣ್ಣಿಗೆ ಎಂದೂ ಬೀಳುವಂಥದ್ದಲ್ಲ. ಒಂದು ಕಡೆ ಬೆರಳು ನಿಂತಿತು.

"ಇದೇನು? ಮೂರು ಪುಟ್ಟ ಹೊಲಿಗೆ. ಹರಿದಿದ್ದಕ್ಕೆ ತೇಪೆ ಹಾಕ್ದಂಗಿದೆ. ಆದ್ರೆ—" ಎರಡೂ ಕೈಯಲ್ಲಿ ಎಳೆದು ತೋರಿಸಿದರು. "ಚರ್ಮ ಹರಿದೇ ಇಲ್ಲ! ಹರಿಯದ ಚರ್ಮಕ್ಕೆ ಹೊಲಿಗೆ ಯಾಕೆ?"

ಅವರು ಅಕ್ಕನ ಕಡೆ ತಿರುಗಿದರು.

"ಅಕ್ಕೋರೇ, ಅಸಲಿ ಚರ್ಮದಲ್ಲಿ ಈ ಜಾಗ ಹರಿದಿತ್ತಾ? ಹಳೇ ಹರುಕಾ?"

ಅಕ್ಕ ಬಗ್ಗಿ ನೋಡಿದಳು. ಆ ಮೂರು ಹೊಲಿಗೆಗಳನ್ನು ಅವಳು ಕಣ್ಣುಮುಚ್ಚಿ ಗುರುತಿಸಬಲ್ಲಳು. ಮಂಗಳವಾರ ಕೊಂಡಿ ಕೀಳುವಾಗ ಮಂಜುಗಣ್ಣಿಗೆ ಸರಿಯಾಗಿ ಕಾಣದೆ ಇಕ್ಕಳ ಜಾರಿತ್ತು. ಉಗುರಿನಷ್ಟು ಹರಿದಿತ್ತು. ಮೂವತ್ತು ವರ್ಷದಲ್ಲಿ ಮೊದಲ ತಪ್ಪು! ಯಾರಾದರೂ ಕಂಡಾರು ಎಂದು ಅಲ್ಲೇ ಹೊಲಿದು, ಹಳೇ ದಾರದಂತೆ ಕಾಣಲೆಂದು ಬಣ್ಣ ಹಚ್ಚಿ ಮುಚ್ಚಿಟ್ಟಿದ್ದಳು. ತಮ್ಮನಿಗೂ ಹೇಳಿರಲಿಲ್ಲ. ಇಂಥ ತಪ್ಪಿಗೇ ಅಲ್ಲವೇ ಅವನ ಕಿವಿ ಹಿಂಡಿ ಹಿಂಡಿ ಕೆಲಸ ಕಲಿಸಿದ್ದು? ಯಾವ ಬಾಯಲ್ಲಿ ಹೇಳುವುದು?

ಈಗ ಅವಳಿಗೆ ಎಲ್ಲ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

ಹಳೇದು ಅಂದುಬಿಟ್ಟರೆ ಮುಗಿಯಿತು. ಸೋಮವಾರವೇ ಇದ್ದ ಹರುಕಾಗುತ್ತದೆ, ಹುಡುಗ ಕಂಡಿದ್ದ ಎಂದಾಗುತ್ತದೆ. ತಮ್ಮ ಉಳಿಯುತ್ತಾನೆ. ಅಮ್ಮ ತೀರಿಹೋದಾಗ ಅವನಿಗೆ ಆರು ವರ್ಷ. ಅವನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕ ಕೂತಿದ್ದು ಇವಳೇ. ಎದುರಿಗೆ ಆ ಹುಡುಗ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಅವನಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿದಿರಲಿಲ್ಲ.

"ಹಳೇದಲ್ಲ," ಎಂದಳು ಅಕ್ಕ. "ಮಂಗಳವಾರ ನನ್ನ ಕೈ ತಪ್ಪಿ ಹರೀತು. ನಾನೇ ಹೊಲ್ದು ಮುಚ್ಚಿಟ್ಟೆ."

"ನೀನಾ?" ಪುಟ್ಟನ ಬಾಯಿಂದ ಬಿದ್ದೇಹೋಯಿತು. "ಅದು ಕಾರ್ಖಾನೆಯದಲ್ವಾ?"

ಹೇಳಿ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

"ಅಲ್ಲಪ್ಪ," ಎಂದರು ಭೂತಗನ್ನಡಿ ಮೆಲ್ಲಗೆ. "ಫೋಟೋ ನೋಡಿ ಮಾಡಿದ ನಕಲಲ್ಲಿ ಈ ಹೊಲಿಗೆ ಬರೋಕೆ ಸಾಧ್ಯ ಇಲ್ಲ. ಸೋಮವಾರ ಅದು ಹುಟ್ಟೇ ಇರ್ಲಿಲ್ಲ. ನಿನ್ನೆ ಸಂಜೆ ಕವರು ಬಿಚ್ಚಿ ಕಂಡಿದ್ರೂ, ಬೆಳಗಾಗೋದ್ರೊಳಗೆ ನಕಲು ಹೊಲಿಯೋಕಾಗಲ್ಲ. ಮಂಗಳವಾರದ ಮೇಲೆ ಬಿಚ್ಚಿದ ಕವರನ್ನ ಕೈಯಲ್ಲಿಟ್ಕೊಂಡು ಕೂತವರೇ ಇದನ್ನ ಮಾಡಿರೋದು. ಅಂಥವರು ನೀವೊಬ್ಬರೇ. ಉಗುರಿನ ಗುಳೀನ ಸವೆತ ಅಂತ ಬಿಟ್ರಿ. ಹೊಲಿಗೇನ ಬಿಡ್ಲಿಲ್ಲ. ಬೇರೆ ಕಳ್ಳ ಆಗಿದ್ರೆ ಕಾಣದ ಜಾಗದ ಹೊಲಿಗೆಗೆ ತಲೆ ಕೆಡಿಸ್ಕೋತಿರ್ಲಿಲ್ಲ. ಒಂದು ಹೊಲಿಗೇನೂ ತಪ್ಪಬಾರದು ಅಂತ ನಿಮಗೆ ಕಲಿಸಿದವರು ಚೆನ್ನಾಗಿ ಕಲಿಸಿದ್ದಾರೆ."

ಪುಟ್ಟ ಮೇಜಿನ ತುದಿ ಹಿಡಿದು ಕೂತುಬಿಟ್ಟ. ಒಬ್ಬ ಶೋಕಿವಾಲ ಬಂದಿದ್ದನಂತೆ. ಅವನ ಹತ್ತಿರವೂ ಇದೇ ಮಾದರಿಯ ಕಾರು, ಸೀಟು ಮಾತ್ರ ಇಲ್ಲ. ಅಸಲಿ ಚರ್ಮ ತಂದುಕೊಟ್ಟರೆ ಸ್ವಂತ ಕಾರ್ಯಾಗಾರ ಹಾಕಿಕೊಡುತ್ತೇನೆ, ಬೋರ್ಡಿನ ಮೇಲೆ ನಿನ್ನದೇ ಹೆಸರು ಅಂದನಂತೆ.

"ಎಷ್ಟು ದಿನ ಅಂತ ಅಕ್ಕನ ತಮ್ಮ ಆಗೇ ಇರ್ಲಿ?" ಎಂದ. "ಡಾಕ್ಟರಿಗೂ ತಿಳಿಯಲ್ಲ ಅನ್ಕೊಂಡೆ. ನಿನಗಂತೂ—ನಿನ್ನ ಕಣ್ಣಿಗೆ ಕಾಣಲ್ಲ ಅನ್ಕೊಂಡೆ."

ಭೂತಗನ್ನಡಿಯವರು ತಲೆ ತಗ್ಗಿಸಿದರು. ಡಾಕ್ಟರಮ್ಮ ತಂಗಿ ಮಗನ ಕೈ ಹಿಡಿದುಕೊಂಡರು.

ಅಕ್ಕ ಕಪ್ಪು ಕನ್ನಡಕ ತೆಗೆದಳು. ತಮ್ಮನ ಮುಖ ಇಷ್ಟು ಸ್ಪಷ್ಟವಾಗಿ ಕಂಡು ಎಷ್ಟು ವರ್ಷವಾಗಿತ್ತೋ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗುವಾಗ ನಾನು ಹೆದ್ರಿದ್ದೆ. ನನ್ನ ಕೈ ಹಿಡ್ಕೊಂಡು, ನಾನಿದೀನಿ ಅಕ್ಕ, ಹೆದರ್ಬೇಡ ಅಂದ್ಯಲ್ಲ. ಆಗ್ಲೂ ಮನಸ್ಸಲ್ಲಿ ಇದೇ ಇತ್ತಾ?"

ಪುಟ್ಟ ನೆಲ ನೋಡಿದ. ಇಲ್ಲ ಅನ್ನಲಿ ದೇವರೇ, ಸುಳ್ಳಾದರೂ ಸರಿ, ಎಂದು ಅವಳ ಜೀವ ಒದ್ದಾಡಿತು.

"ಇತ್ತು ಅಕ್ಕ."

ಅವಳು ತಲೆಯಾಡಿಸಿದಳು. ನಕಲಿ ಕವರನ್ನು ಮಡಚಿ ಅವನ ತೊಡೆಯ ಮೇಲಿಟ್ಟಳು.

"ಇವರನ್ನೆಲ್ಲ ಆ ಶೋಕಿವಾಲನ ಹತ್ರ ಕರ್ಕೊಂಡು ಹೋಗಿ ಅಸಲಿ ಚರ್ಮ ಬಿಡಿಸ್ಕೊಡು. ಅದನ್ನ ನಾನೇ ಹಾಕ್ತೀನಿ, ನಿಧಾನ ಆದ್ರೂ ಪರವಾಗಿಲ್ಲ. ನೀನು ಮಾತ್ರ ವಾಪಸ್ ಬರ್ಬೇಡ."