ಏಳನೇ ನಂಬರಿನ ಗಾಜು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರು ಕೇಳಿ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಠಾಣೇಲಿ ಅವನಿಗಿಟ್ಟ ಹೆಸರು ಡೌಟು. ಡೌಟು ಕೇಳದೆ ನೀರೂ ಕುಡಿಯದ ಆಸಾಮಿ.

"ಇನ್ನೊಂದ್ಸಲ ಹೇಳಿ ಮೇಡಂ. ಕಳ್ಳ ಒಡೆದ ಗಾಜು ತಗೊಂಡು ಒಳ್ಳೆ ಗಾಜು ಇಟ್ಟು ಹೋಗಿದ್ದಾನೆ? ನಮ್ಮನೆಗೂ ಒಂದ್ಸಲ ಕಳಿಸಿ ಅವನನ್ನ."

ದೂರು ತಂದವರು ಹಳೇ ಕಟ್ಟಡ ಪರೀಕ್ಷೆ ಮಾಡೋ ತಜ್ಞೆ. ಅವರು ನಗಲಿಲ್ಲ. ನೂರು ವರ್ಷ ದಾಟಿದ ಲೈಬ್ರರಿ, ಗೋಡೇಲಿ ಹದಿನಾಲ್ಕು ಬಿರುಕು. ಒಂದೊಂದರ ಮೇಲೂ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ, ನಂಬರು, ತಾರೀಕು ಬರೆದಿದ್ರು. ಬಿರುಕು ಇನ್ನೂ ಬಾಯ್ಬಿಡ್ತಿದ್ರೆ ಗಾಜು ಪಟ್ ಅನ್ನುತ್ತೆ. ಗೋಡೆ ಸುಮ್ನಿದ್ರೆ ಗಾಜೂ ಸುಮ್ನೆ.

"ಯಾವಾಗ್ಲೂ ತಿಂಗಳ ಐದಕ್ಕೆ, ಇಪ್ಪತ್ತಕ್ಕೆ ನೋಡೋಕೆ ಬರ್ತೀನಿ. ಈ ತಿಂಗಳು ಮೂರಕ್ಕೇ ಬಂದೆ. ಏಳನೇ ನಂಬರು ಒಡೆದಿತ್ತು. ಫೋಟೋ ನೋಡಿ. ಇವತ್ತು ಹದಿನೇಳು. ನೆಟ್ಟಗಿದೆ."

ಇನ್ಸ್‌ಪೆಕ್ಟರ್ ತಲೆ ಎತ್ತಿದ್ರು. "ಗಾಜಿನ ಮೇಲಿನ ತಾರೀಕು?"

"ಹಳೇದೇ. ಅಕ್ಷರ ಥೇಟ್ ನಂದೇ. ಬರೆದವಳು ನಾನಲ್ಲ ಅಷ್ಟೇ. ಶುಕ್ರವಾರ ವರದಿ ಕೊಡ್ಬೇಕು, ಉಳಿಸೋದಾ ಕೆಡವೋದಾ ಅಂತ. ಆ ಗೋಡೆ ಕೆಳಗೆ ಮಕ್ಕಳು ಕೂತು ಓದ್ತಾರೆ ಸಾರ್."

ಎಫ್‌ಐಆರ್ ಆಯ್ತು. 11.40ಕ್ಕೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ್ ಮೊದಲು ಮಾಡಿದ ಕೆಲಸ ಏಳನೇ ನಂಬರಿನ ಕೆಳಗಿನ ಬೆಂಚು ಖಾಲಿ ಮಾಡಿಸಿದ್ದು. ಎರಡು ಜಡೆಯ ಹುಡುಗಿಯೊಬ್ಬಳು ಮುಖ ಊದಿಸಿಕೊಂಡ್ಲು. "ಇದು ನನ್ನ ಜಾಗ. ಇಲ್ಲೇ ಬೆಳಕು ಚೆನ್ನಾಗಿದೆ ಅಂತ ನಮ್ಮ ತಾತ ಕೂರಿಸಿದ್ದು."

ಇನ್ಸ್‌ಪೆಕ್ಟರ್ ಟಾರ್ಚ್ ಹಾಕಿ ನೋಡಿದ್ರು. ತಜ್ಞೆ ಅಂಟಿಸಿದ ಗಾಜುಗಳ ಸುತ್ತ ಪ್ಲಾಸ್ಟರ್ ಮಗು ಉಂಡೆದ್ದ ತಟ್ಟೆ ಥರ ಮೆತ್ತಿಕೊಂಡಿತ್ತು. ಏಳನೇದರ ಸುತ್ತ ಮಾತ್ರ ಸುಣ್ಣದ ಗಾರೆ. ಬೆಣ್ಣೆ ಸವರಿದ ಹಾಗೆ ನುಣುಪು, ಅಂಚು ದಾರ ಹಿಡಿದು ಎಳೆದಂಗೆ. ಇಂಥವು ಇನ್ನೂ ನಾಲ್ಕು ಸಿಕ್ಕವು.

"ನಿಜ ಹೇಳ್ಲಾ ಸಾರ್? ಇದು ನನ್ನ ಕೆಲಸಕ್ಕಿಂತ ಸಾವಿರ ಪಾಲು ಚೆನ್ನಾಗಿದೆ," ಅಂದ್ರು ತಜ್ಞೆ.

ಇನ್ಸ್‌ಪೆಕ್ಟರ್ ಟಾರ್ಚ್ ನಿಧಾನಕ್ಕೆ ಚಾವಣಿಗೆ ಹೋಯ್ತು. ಗಾರೇಲಿ ಮಾಡಿದ ಬಳ್ಳಿ, ಎಲೆ, ಮೊಗ್ಗು. ಮುಟ್ಟಿದ್ರೆ ಅಲ್ಲಾಡುತ್ತೇನೋ ಅನ್ನೋ ಹಾಗಿತ್ತು. ಒಂದೊಂದು ಎಲೆ ಸುತ್ತಲೂ ಅದೇ ಅಂಚು.

"ಆ ಬಳ್ಳಿ ಯಾರು ಮಾಡಿದ್ದು?"

"ನಮ್ಮ ಗಾರೆ ಮೇಸ್ತ್ರಿ," ಅಂದ್ರು ಲೈಬ್ರರಿಯವರು. "ಹಳೇದು ಉದುರಿದಾಗ ಮತ್ತೆ ಮಾಡಿದ್ದು, ಐವತ್ತು ವರ್ಷ ಆಯ್ತು. ಈಗ್ಲೂ ದಿನಾ ಬೆಳಿಗ್ಗೆ ಬಂದು ಗೋಡೆ ತಟ್ಟಿ ನೋಡಿ ಹೋಗ್ತಾರೆ. ಒಂದು ಕೀ ಅವರ ಹತ್ರಾನೇ ಇದೆ."

3.20. ಮೇಸ್ತ್ರಿ ಮನೆ. ತಜ್ಞೆಯೂ ಜೊತೆಗೆ ಬಂದಿದ್ರು. ಬಾಗಿಲು ತೆಗೆದವಳು ಅದೇ ಎರಡು ಜಡೆ. ಡೌಟು ಇನ್ಸ್‌ಪೆಕ್ಟರ್ ಮುಖ ನೋಡಿದ.

"ಗಾಜು ಬದಲಾಯಿಸಿದ್ದು ನೀವೇನಾ?" ಇನ್ಸ್‌ಪೆಕ್ಟರ್ ಮೇಸ್ತ್ರಿಯನ್ನ ಕೇಳಿದ್ರು.

"ಹೂಂ."

"ಒಡೆದವು ಎಲ್ಲಿ?"

ಮೇಸ್ತ್ರಿ ಒಳಗಿಂದ ಬಿಸ್ಕತ್ತಿನ ಡಬ್ಬಿ ತಂದ್ರು. ಏಳು ಒಡೆದ ಪಟ್ಟಿ, ಪೇಪರಲ್ಲಿ ಸುತ್ತಿ, ಒಂದೊಂದರ ಮೇಲೂ ನಂಬರು, ಒಡೆದ ದಿನ.

"ಯಾಕೆ ಇಟ್ಕೊಂಡ್ರಿ?"

"ಆ ಗೋಡೇದಲ್ವಾ ಸ್ವಾಮಿ. ಬಿಸಾಕೋಕೆ ಮನಸು ಬರ್ಲಿಲ್ಲ. ಎದುರಿನ ಹಳೇ ಥಿಯೇಟರ್‌ಗೂ ಹಿಂಗೇ ಗಾಜು ಅಂಟಿಸಿದ್ರು. ಒಡೀತು. ಮೂರು ತಿಂಗಳಿಗೆ ನೆಲಸಮ. ಅಲ್ಲೂ ನನ್ನ ಬಳ್ಳಿ ಇತ್ತು. ಇದಾದ್ರೂ ಪಾಸಾಗ್ಲಿ ಅಂತ..."

"ಇದು ಪರೀಕ್ಷೆ ಅಲ್ಲ ತಾತ," ಅಂದ್ರು ತಜ್ಞೆ. "ಜ್ವರ ನೋಡೋ ಥರ್ಮಾಮೀಟರ್. ಜ್ವರ ಗೊತ್ತಾದ್ರೆ ತಾನೇ ಔಷಧಿ? ನೀವು ಥರ್ಮಾಮೀಟರನ್ನೇ ಬದಲಾಯಿಸಿಬಿಟ್ರಿ."

"ನನ್ನ ಗಾರೆ ಬೀಳಲ್ಲಮ್ಮ. ಬೀಳೋ ಹಾಗಿದ್ರೆ ಮೊಮ್ಮಗಳನ್ನ ಅದರ ಕೆಳಗೆ ಕೂರಿಸ್ತಿದ್ನಾ?"

"ಗಾರೆ ಬೀಳಲ್ಲ. ಅದರ ಹಿಂದಿನ ಗೋಡೆ?"

ಮೇಸ್ತ್ರಿ ಮೊಮ್ಮಗಳ ಕಡೆ ನೋಡಿದ್ರು. ಆಮೇಲೆ ಗೋಡೆ ಹಿಡ್ಕೊಂಡು ಕೆಳಗೆ ಕೂತ್ರು. ತಾವೇ ಕೈ ಮುಂದೆ ಮಾಡಿದ್ರು. ಇನ್ಸ್‌ಪೆಕ್ಟರ್ ಕೋಳ ತೆಗೀಲಿಲ್ಲ, ಆ ಕೈ ಹಿಡಿದು ಎಬ್ಬಿಸಿದ್ರು. "ನಡೀರಿ ಮೇಸ್ತ್ರಿಗಳೇ. ನಿಮ್ಮನ್ನ ಅರೆಸ್ಟ್ ಮಾಡಿದೀನಿ."

ಠಾಣೇಲಿ ಜಪ್ತಿ ಪಟ್ಟಿ ಬರೀತಿದ್ದಾಗ ತಜ್ಞೆ ಏಳನೇ ನಂಬರಿನ ಮೂರು ಪಟ್ಟಿ ಸಾಲಾಗಿ ಇಟ್ಟು, ತಾರೀಕು ಲೆಕ್ಕ ಹಾಕಿ, ಕುರ್ಚಿಯಿಂದ ಎದ್ದೇ ನಿಂತ್ರು.

"ಮೊದಲನೇದು ನಾಲ್ಕು ದಿನಕ್ಕೆ ಒಡೆದಿದೆ. ಎರಡನೇದು ಏಳು. ಮೂರನೇದು ಹನ್ನೆರಡು. ಈಗಿರೋದಕ್ಕೆ ಹದಿನಾಲ್ಕು ದಿನ, ಇನ್ನೂ ಒಡೆದಿಲ್ಲ! ಸಾರ್, ಗೋಡೆ ಬಿರುಕು ಬಿಡೋದು ನಿಲ್ತಾ ಇದೆ. ಆಸರೆ ಕೊಟ್ರೆ ಉಳಿಯುತ್ತೆ. ಹದಿನೈದು ದಿನಕ್ಕೊಂದ್ಸಲ ಬರೋ ನನಗೆ ಇದು ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ. ಇದರ ಜೆರಾಕ್ಸ್ ಬೇಕು ನಂಗೆ."

ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿ ಮುಖ ಮುಚ್ಚಿಕೊಂಡ್ರು. ಉಗುರು ಸಂದೀಲಿ ಇನ್ನೂ ಸುಣ್ಣ ಇತ್ತು.

5.45ಕ್ಕೆ ಠಾಣಾ ಜಾಮೀನು. ಡೌಟು ಕೇಸ್ ಫೈಲಿನ ಕೊನೇ ಸಾಲಿಗೆ ಬಂದು ನಿಂತ. "ಸಾರ್, ಅಪರಾಧದ ಉದ್ದೇಶ?"

"ಕಟ್ಟಡ ಬೀಳಬಾರ್ದು ಅಂತ."

ಡೌಟು ಮರುಮಾತಾಡದೆ ಬರೆದ.