ಅರ್ಧ ಹತ್ತಿದ ಟ್ಯೂಬ್‌ಲೈಟ್

ತಂತಿ ಜೋಡಿಸದೇ ಟ್ಯೂಬ್‌ಲೈಟ್ ಹತ್ತಸೂ ಟೆಸ್ಲಾ ಕಾಯಿಲ್ ನಾನು ಅಣ್ಣಿಗೇರ್ಯಾಗ ಮಾಡಿದ್ದು ಎಪ್ಪತ್ನಾಲ್ಕರಾಗ. ನೂಲಿನ ರಾಟಿ ಮ್ಯಾಲೆ ತಾಮ್ರದ ತಂತಿ ಸುತ್ತಿಕೊಟ್ಟಾಕಿ ನನ್ನ ಹೆಂಡತಿ ರೇವವ್ವ. ನಾ ತಂತಿ ತುದಿ ಸರಿಸಿ ಹದ ನೋಡೂಮುಂದ ಟ್ಯೂಬ್ ಹಿಡಕೊಂಡು ನಿಲ್ಲಾಕೀನೂ ಆಕೀನ. ಬೆಳಕು ಆಕೀ ಕೈತನಕ ಬಂದು ನಿಲ್ತಿತ್ತು, ಕೈಯಿಂದ ಮ್ಯಾಲೆ ಕತ್ತಲಿ. “ಇನ್ನಷ್ಟು ಏರಸ್ರಿ,” ಅಂತ ನಗ್ತಿದ್ಲು.

ಹೆರಿಗ್ಯಾಗ ತೀರಿಕೊಂಡ್ಳು.

ತಿಂಗಳಾದ ಮ್ಯಾಲೆ ಟ್ಯೂಬನ್ನ ಜಂತಿಗೆ ತೂಗಹಾಕಿ ಕಾಯಿಲ್ ಚಾಲೂ ಮಾಡಿದೆ. ಯಾರೂ ಹಿಡೀದಿದ್ರ ಅದು ತುದಿತನಕ ಹತ್ತಬೇಕು. ನಡುವ ನಿಂತಬಿಡ್ತು.

“ಸಾಕೇನ, ರೇವಿ?” ಅಂದೆ.

ಬೆಳಕು ಮೆಲ್ಲಕ ಒಂದು ಗೇಣು ಮ್ಯಾಲೇರಿತು.

ಬಂದ್ ಮಾಡಿ ಟ್ಯೂಬ್ ಇಳಿಸಿದೆ. ಗಾಜೆಲ್ಲ ತಣ್ಣಗಿತ್ತು. ಬೆಳಕು ನಿಂತಿದ್ದಲ್ಲಿ ಮಾತ್ರ, ಒಂದು ಮುಷ್ಟಿಯಷ್ಟು ಜಾಗ, ಬೆವತು ಬೆಚ್ಚಗಿತ್ತು.